ಬೆಲ್ಟ್ ಎಲುಬಿನ ಮೇಲೆ ಕೂರಲಿ: ಊರಿಗೆ ಹೊರಡುವ ಹಿಂದಿನ ಸಂಜೆ ಮಾಡಬೇಕಾದ ಕೆಲಸ

ಚೌತಿಗೆಂದು ಡೊಂಬಿವಲಿಯಿಂದ ಉಡುಪಿಗೋ, ಪಿಂಪ್ರಿ-ಚಿಂಚವಡದಿಂದ ವಿಜಯಪುರಕ್ಕೋ ಕಾರಿನಲ್ಲಿ ಹೊರಡುವವರು ಹಿಂದಿನ ದಿನವೇ ಟೈರಿಗೆ ಗಾಳಿ ಹಾಕಿಸುತ್ತಾರೆ, ಆಯಿಲ್ ನೋಡಿಸುತ್ತಾರೆ. ಹಿಂದಿನ ಸೀಟ್ ಬೆಲ್ಟಿನ ಬಕಲ್ ಎಲ್ಲಿ ಹೋಯಿತು ಎಂದು ಹುಡುಕುವವರು ಕಡಿಮೆ. ಹೊಸ ಸೀಟ್ ಕವರ್ ಹಾಕಿಸಿದ ದಿನವೇ ಎಷ್ಟೋ ಕಾರುಗಳಲ್ಲಿ ಅದು ಕವರಿನಡಿ ಸೇರಿಬಿಟ್ಟಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ, ಮಕ್ಕಳು ಅರೆನಿದ್ದೆಯಲ್ಲಿರುವಾಗ ಅದನ್ನು ಯಾರೂ ಹುಡುಕುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಅರ್ಧ ಗಂಟೆ ಇದಕ್ಕೆಂದು ಮೀಸಲಿಡಿ.

ಮೊದಲು ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಗೆ ಕೈ ಹಾಕಿ, ಅಲ್ಲಿರುವಷ್ಟೂ ಬಕಲ್‌ಗಳನ್ನು ಮೇಲಕ್ಕೆಳೆಯಿರಿ. ಕವರಿನಲ್ಲಿ ಕಿಂಡಿ ಇಲ್ಲದಿದ್ದರೆ ಹೊಲಿದವರ ಬಳಿಗೇ ಒಯ್ದು ಕಿಂಡಿ ಮಾಡಿಸಿ, ಅಂಚು ಮಡಚಿ ಹೊಲಿಸಿ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಗುರುತಿದ್ದರೆ ಆ ಭಾಗವನ್ನು ಮುಚ್ಚುವ ಕವರ್ ಬೇಡವೇ ಬೇಡ. ಆ ಚೀಲ ಉಬ್ಬಿ ಹೊರಬರುವುದು ಅಲ್ಲಿಂದಲೇ.

ಬಕಲ್‌ನೊಳಕ್ಕೆ ಟಾರ್ಚ್ ಬಿಟ್ಟು ನೋಡಿ. ಶೇಂಗಾ ಸಿಪ್ಪೆ, ಬಿಸ್ಕತ್ತಿನ ಪುಡಿ, ಒಂದು ರೂಪಾಯಿ ನಾಣ್ಯ, ಏನು ಬೇಕಾದರೂ ಸಿಗಬಹುದು. ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು ತೆಗೆಯಿರಿ. ಎಣ್ಣೆ ಬಿಡಬೇಡಿ, ಅದಕ್ಕೆ ಧೂಳು ಅಂಟಿ ತೊಂದರೆ ಹೆಚ್ಚುತ್ತದೆ. ಪಟ್ಟಿಯಲ್ಲಿರುವ ಲೋಹದ ನಾಲಿಗೆ ಸಿಕ್ಕಿಸಿದಾಗ 'ಕ್ಲಿಕ್' ಎನ್ನಬೇಕು, ಜಗ್ಗಿದರೆ ಬರಬಾರದು, ಕೆಂಪು ಗುಂಡಿ ಒತ್ತಿದ ಕೂಡಲೇ ಬಿಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಬಕಲ್ ಬದಲಿಸಬೇಕು.

ಈಗ ಪಟ್ಟಿಯನ್ನು ಕೊನೆಯವರೆಗೂ ಹೊರಗೆಳೆದು ಎರಡೂ ಅಂಚಿನ ಮೇಲೆ ಬೆರಳಾಡಿಸಿ. ಅಂಚಿನಲ್ಲಿ ಎಳೆ ಬಿಟ್ಟಿದ್ದರೆ, ಕೊಯ್ದಿದ್ದರೆ, ಸಿಗರೇಟಿನ ಕಿಡಿಗೆ ಕರಗಿದ್ದರೆ ಹೊಸದು ಹಾಕಿಸಿ. ಹೊಲಿಗೆ ಹಾಕಿಸಿ ಸರಿಮಾಡುವ ವಸ್ತು ಇದಲ್ಲ. ಬಿಟ್ಟಾಗ ಪಟ್ಟಿ ನಿಧಾನವಾಗಿ ಒಳಹೋಗುತ್ತಿದ್ದರೆ ಸಾಮಾನ್ಯವಾಗಿ ಕಾರಣ ಬೆವರು, ಧೂಳಿನ ಜಿಡ್ಡು; ಭುಜದ ಮೇಲ್ಗಡೆ ಪಟ್ಟಿ ಹಾದುಬರುವ ಬಳೆಯಲ್ಲೂ ಅದು ಮೆತ್ತಿರುತ್ತದೆ. ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡನ್ನೂ ಒರೆಸಿ. ಬ್ಲೀಚ್ ಬೇಡ, ಎಳೆಯ ಬಲ ಕುಂದುತ್ತದೆ. ಮುಂಬೈ ಮಳೆಗಾಲದಲ್ಲಿ ಪೂರ್ತಿ ಒಣಗುವ ಮುನ್ನ ಒಳಗೆ ಬಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಲಾಕ್ ಪರೀಕ್ಷೆ ಸುಲಭ: ಪಟ್ಟಿಯನ್ನು ಥಟ್ಟನೆ ಜಗ್ಗಿ, ಕಚ್ಚಿಕೊಳ್ಳಬೇಕು. ಮೆಲ್ಲಗೆ ಎಳೆದರೆ ಬರುತ್ತದೆ, ಅದು ದೋಷವಲ್ಲ. ಸುರುಳಿ ವೇಗವಾಗಿ ತಿರುಗಿದಾಗ ಕಚ್ಚುವ ಏರ್ಪಾಡು ಒಂದು, ಕಾರು ಜೋರಾಗಿ ನಿಧಾನಿಸಿದಾಗ ಅಥವಾ ವಾಲಿದಾಗ ಕಚ್ಚುವುದು ಇನ್ನೊಂದು. ಖಂಡಾಲಾ ಘಾಟಿಯ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೆಲ್ಟ್ ಹೊರಗೇ ಬರದಿದ್ದರೆ ಗಾಬರಿ ಬೇಡ, ಸಮತಟ್ಟಿಗೆ ಬಂದಾಗ ಬಿಡುತ್ತದೆ.

ಇನ್ನು ಹಾಕುವ ಬಗೆ. ಅದಕ್ಕೂ ಮುನ್ನ ಒಂದು ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬೀಳುವುದೂ ಒಂದೇ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ 100 ಕಿ.ಮೀ. ವೇಗಕ್ಕೆ ಅದು ನಾಲ್ಕು ಪಟ್ಟು. ಗುದ್ದಿದಾಗ ಕಾರಿನ ಮೂತಿ 60 ಸೆಂ.ಮೀ. ನಜ್ಜುಗುಜ್ಜಾಗಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಬೆಲ್ಟ್ ಹಾಕಿದವರು ಕಾರಿಗೆ ಕಟ್ಟಿಕೊಂಡಿರುವುದರಿಂದ ಅವರಿಗೂ ನಿಲ್ಲಲು ಹೆಚ್ಚುಕಡಿಮೆ ಅಷ್ಟೇ ದೂರ ಸಿಗುತ್ತದೆ. 50 ಕಿ.ಮೀ.ಯಲ್ಲಿ 60 ಕಿಲೋ ತೂಕದವರ ಮೇಲೆ ಬೀಳುವ ಬಲ ಸುಮಾರು ಒಂದು ಟನ್. ಬೆಲ್ಟ್ ಇಲ್ಲದವರು ಅದೇ ವೇಗದಲ್ಲಿ ಮುಂದೆ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿದು ಐದಾರು ಸೆಂಟಿಮೀಟರಿನಲ್ಲಿ ನಿಲ್ಲುತ್ತಾರೆ, ಬಲ ಹತ್ತು ಪಟ್ಟಾಗುತ್ತದೆ. ಮುಂದಿನ ಸೀಟಿನವರ ಸಾವಿನ ಸಾಧ್ಯತೆಯನ್ನು ಬೆಲ್ಟ್ ಸುಮಾರು 45 ಪ್ರತಿಶತ ತಗ್ಗಿಸುತ್ತದೆ ಎನ್ನುವುದರ ಹಿಂದೆ ಇರುವುದು ಈ ಸರಳ ಲೆಕ್ಕ.

ಆ ಒಂದು ಟನ್ ಭಾರವನ್ನು ದೇಹದ ಯಾವ ಭಾಗ ಹೊರಬೇಕು? ಸೊಂಟದ ಎಲುಬು, ಎದೆಗೂಡು, ಕೊರಳೆಲುಬು. ಹೊಟ್ಟೆಯ ಮುಂಭಾಗದಲ್ಲಿ ಎಲುಬಿಲ್ಲ, ಒಳಗಿರುವುದೆಲ್ಲ ಕರುಳಿನಂಥ ಮೆತ್ತನೆಯ ಅಂಗಗಳು. ಆದ್ದರಿಂದ ಬೆನ್ನು ಸೀಟಿಗೆ ಪೂರ್ತಿ ತಾಗುವಂತೆ ಕೂತು, ಕೆಳಪಟ್ಟಿಯನ್ನು ಹೊಕ್ಕುಳಿನಿಂದ ಸಾಕಷ್ಟು ಕೆಳಗೆ, ತೊಡೆಯ ಬುಡಕ್ಕೆ ತಾಗುವಂತೆ ತಗ್ಗಿಸಿ. ಬಕಲ್ ಹಾಕಿದ ಮೇಲೆ ಎದೆಯ ಪಟ್ಟಿಯನ್ನು ಮೇಲಕ್ಕೊಮ್ಮೆ ಜಗ್ಗಿ ಸಡಿಲು ತೆಗೆಯಿರಿ. ಮೇಲಿನ ಪಟ್ಟಿ ಭುಜದ ನಡುವೆ ಹಾದು ಎದೆಯ ಮಧ್ಯಕ್ಕೆ ಬರಬೇಕು. ಕುತ್ತಿಗೆಗೆ ಉಜ್ಜುತ್ತಿದ್ದರೆ ಬಾಗಿಲ ಕಂಬದ ಮೇಲಿನ ಗುಂಡಿ ಒತ್ತಿ ಇಳಿಸಿ. ಉಜ್ಜುತ್ತದೆಂದು ಕಂಕುಳಡಿಗೆ ಸೇರಿಸಿದರೆ ಕೆಳಗಿನ ಪಕ್ಕೆಲುಬು ಮುರಿದು ಯಕೃತ್ತಿಗೆ, ಗುಲ್ಮಕ್ಕೆ ಚುಚ್ಚಬಹುದು. ಸೀರೆಯ ಸೆರಗು, ದುಪಟ್ಟಾ ಬೆಲ್ಟಿನ ಮೇಲಿರಲಿ, ಕೆಳಗೆ ಗಂಟಾಗುವುದು ಬೇಡ. ನೆರಿಗೆಯನ್ನು ಕೈಯಿಂದ ಒತ್ತಿ ಸಪಾಟು ಮಾಡಿ, ಪಟ್ಟಿ ಅದರ ಉಬ್ಬಿನ ಕೆಳಗೆ ಬರಲಿ. ಗರ್ಭಿಣಿಯರಿಗೂ ಇದೇ ಕ್ರಮ: ಕೆಳಪಟ್ಟಿ ಉಬ್ಬಿದ ಹೊಟ್ಟೆಯ ಕೆಳಗೆ, ಮೇಲಿನದು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ.

ಲೋಣಾವಳ ದಾಟಿದ ಮೇಲೆ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಮಲಗುವ ಅಭ್ಯಾಸ ಬಹಳ ಅಪಾಯದ್ದು. ಎದೆಗೂ ಬೆಲ್ಟಿಗೂ ನಡುವೆ ಜಾಗ ಬಿಡುತ್ತದೆ. ಗುದ್ದಿದಾಗ ದೇಹ ಕೆಳಪಟ್ಟಿಯಡಿ ಜಾರಿ, ಪಟ್ಟಿ ಹೊಟ್ಟೆಗೆ ಏರುತ್ತದೆ. ನಿದ್ದೆ ಬೇಕಿದ್ದರೆ ಸೀಟು ನೆಟ್ಟಗಿಟ್ಟೇ ಮಾಡಿ.

2022ರ ಸೆಪ್ಟೆಂಬರ್ 4ರಂದು ಪಾಲ್‌ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರು ಕೂತಿದ್ದುದು ಹಿಂದಿನ ಸೀಟಿನಲ್ಲಿ. ಮುಂದೆ ಕೂತಿದ್ದ ಇಬ್ಬರೂ ಗಾಯಗೊಂಡು ಬದುಕಿದರು. ಹಿಂದಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಆ ವರ್ಷದ ನವೆಂಬರ್ 1ರಿಂದ ಮುಂಬೈ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಕಡ್ಡಾಯ ಎಂದು ಬಿಗಿಗೊಳಿಸಿದರು. ಹಿಂದೆ ಬೆಲ್ಟ್ ಹಾಕದೆ ಕೂತವರು ತಮ್ಮ ಪೂರ್ತಿ ತೂಕದೊಂದಿಗೆ ಮುಂದಿನವರ ಬೆನ್ನಿಗೆ ಬಂದು ಬಡಿಯುತ್ತಾರೆ, ಮುಂದಿನವರು ಬೆಲ್ಟ್ ಹಾಕಿದ್ದರೂ ಅವರ ಜೀವಕ್ಕೆ ಅಪಾಯ ಹೆಚ್ಚುತ್ತದೆ. 'ಹಿಂದೆ ಯಾಕೆ?' ಎಂದು ಕೇಳುವ ಮಾವನಿಗೆ ಇದನ್ನೇ ಹೇಳಿ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳಿನಿಂದ ಹಿಡಿಯುತ್ತೇನೆ ಎನ್ನುವುದು ಆಗದ ಮಾತು. ಮೇಲಿನ ಲೆಕ್ಕದಲ್ಲಿ 10 ಕಿಲೋ ಮಗು ಆ ಕ್ಷಣಕ್ಕೆ 160 ಕಿಲೋ. ತನ್ನ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿಕೊಂಡರೆ ದೊಡ್ಡವರ ಭಾರವೇ ಅದನ್ನು ಹಿಚುಕುತ್ತದೆ. ಕೂಸಿಗೆ ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು ಬೇಕು, ಅದನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಕೂಡದು. ಮಕ್ಕಳ ಸೀಟು ಹಿಡಿಸದಷ್ಟು ಬೆಳೆದವರಿಗೆ, ಕನಿಷ್ಠ 135 ಸೆಂ.ಮೀ. ಎತ್ತರವಾಗುವವರೆಗೂ ಬೂಸ್ಟರ್ ಹಾಕಿ, ಪಟ್ಟಿ ಎಲುಬಿನ ಮೇಲೆ ಕೂರುವಂತೆ ಮಾಡಿ. ಹಿಂದಿನ ಗಾಜಿನಡಿಯ ಹಲಗೆಯ ಮೇಲಿಟ್ಟ 5 ಕಿಲೋ ಹಲಸಿನ ಹಣ್ಣಿಗೂ ಇದೇ ಲೆಕ್ಕ, ಅದರ ಜಾಗ ಡಿಕ್ಕಿಯ ತಳದಲ್ಲಿ.

ಬೆಲ್ಟ್ ಹಾಕದಿದ್ದಾಗ ಬರುವ ಬೀಪ್ ಶಬ್ದ ನಿಲ್ಲಿಸಲು, ಬಕಲ್‌ಗೆ ಸಿಕ್ಕಿಸಲೆಂದು ಮಾರುತ್ತಿದ್ದ ಖೋಟಾ ನಾಲಿಗೆಯನ್ನು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ನಿಮ್ಮ ಕಾರಿನಲ್ಲಿದ್ದರೆ ಇಂದೇ ಎಸೆಯಿರಿ. ಬೆಲ್ಟ್ ಇಲ್ಲದೆ ಮುಂದಕ್ಕೆ ಜಾರಿದವರ ಮುಖಕ್ಕೆ ಉಬ್ಬುತ್ತಿರುವ ಏರ್‌ಬ್ಯಾಗೇ ಪೆಟ್ಟು ಕೊಡುತ್ತದೆ.

ದೊಡ್ಡ ಅಪಘಾತ ಕಂಡ ಬೆಲ್ಟನ್ನು ಮತ್ತೆ ಬಳಸಬಾರದು. ಪಟ್ಟಿ ಹಿಗ್ಗಿರುತ್ತದೆ, ಸಡಿಲನ್ನು ಕ್ಷಣದಲ್ಲಿ ಎಳೆದುಕೊಳ್ಳುವ ಪ್ರಿಟೆನ್ಷನರಿನ ಮದ್ದು ಒಂದೇ ಸಲ ಸಿಡಿಯುವಂಥದ್ದು. ಹಳೆಯ ಕಾರು ಕೊಳ್ಳುವಾಗ ಇಗ್ನಿಷನ್ ಹಾಕಿ ನೋಡಿ: ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೂ, ಆರದೇ ಇದ್ದರೂ ಆ ಏರ್ಪಾಡಿನಲ್ಲಿ ದೋಷವಿದೆ.

ಅಪಘಾತದ ನಂತರ ಎದ್ದು ಓಡಾಡುವಂತಿದ್ದರೂ ಹೊಟ್ಟೆಯ ಮೇಲೆ ಪಟ್ಟಿಯಗಲದ ಕೆಂಪು ಗೆರೆ ಬಿದ್ದಿದ್ದರೆ ಮನೆಗೆ ಹೋಗಬೇಡಿ. ಒಳಗೆ ಕರುಳು ಹರಿದಿರಬಹುದು, ನೋವು ಗಂಟೆಗಳ ನಂತರ ಬರಬಹುದು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿ, ಬೆಲ್ಟ್ ಹಾಕಿದ್ದೆ ಎಂದು ಹೇಳಿ ಆ ಗೆರೆಯನ್ನು ವೈದ್ಯರಿಗೆ ತೋರಿಸಿ.