ಬೆಂಗಳೂರಿನ ಕೆರೆಗಳನ್ನು ಸೈಕಲ್ ತುಳಿದು ಹುಡುಕೋದು ಹೇಗೆ

ಸ್ಕೂಟರಿನಲ್ಲಿ ಓಡಾಡುವಾಗ ನನಗೆ ಬೆಂಗಳೂರು ಚಪ್ಪಟೆ ಊರು ಅಂತಲೇ ಅನ್ನಿಸುತ್ತಿತ್ತು. ಸೈಕಲ್ ಹತ್ತಿದ ಮೇಲೆ ಗೊತ್ತಾಯಿತು, ಇಲ್ಲಿ ಸಮತಟ್ಟಾದ ರಸ್ತೆ ಹುಡುಕಿದರೂ ಸಿಗೋದು ಕಡಿಮೆ. ಒಂದು ಭಾನುವಾರ ಬೆಳಗ್ಗೆ ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಜಿ. ರಸ್ತೆಯಲ್ಲಿ ಮೆಜೆಸ್ಟಿಕ್ ಕಡೆ ಬರುತ್ತಿದ್ದೆ. ಪೆಡಲ್ ತುಳಿಯೋದು ನಿಲ್ಲಿಸಿದರೂ ಸೈಕಲ್ ತಾನಾಗಿ ಹೋಗುತ್ತಲೇ ಇತ್ತು, ಹಿಂದಿನ ಚಕ್ರ ಟಿಕಟಿಕ ಅನ್ನುತ್ತಿತ್ತು. ಇಳಿಜಾರು ಮುಗಿಯುವಲ್ಲಿ ಬಸ್ ಸ್ಟ್ಯಾಂಡ್. ಮುಂಚೆ ಅಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅನ್ನೋದು ಓದಿ ಗೊತ್ತಿತ್ತು. ಆದರೆ ನೀರು ಯಾಕೆ ಅಲ್ಲೇ ಬಂದು ನಿಲ್ಲುತ್ತಿತ್ತು ಅನ್ನೋದು ಅವತ್ತು ಕಾಲಿಗೆ ಅರ್ಥವಾಯಿತು. ನಾನೂ ನೀರಿನ ಹಾಗೇ ಅಲ್ಲಿಗೆ ಇಳಿದು ಬಂದಿದ್ದೆ.

ಅವತ್ತಿನಿಂದ ಸುಮ್ನೆ ಊರು ಸುತ್ತೋದು ಬಿಟ್ಟೆ. ಒಂದು ವಿಷಯ ಹಿಡಿದುಕೊಂಡು, ಅದರ ಬೆನ್ನು ಹತ್ತಿ ಹೋಗೋದು ಶುರು ಮಾಡಿದೆ. ನೀವೂ ಮಾಡಬಹುದು. ದುಬಾರಿ ಸೈಕಲ್ ಬೇಡ. ಮೂಲೆಯಲ್ಲಿ ಧೂಳು ಹಿಡಿದು ನಿಂತಿರುವ ಸೈಕಲ್ಲೇ ಸಾಕು, ಬ್ರೇಕ್ ಸರಿಯಾಗಿ ಹಿಡಿಯಬೇಕು ಅಷ್ಟೇ.

ಮೊದಲು ವಿಷಯ ಆರಿಸಿಕೊಳ್ಳಿ. "ಬಸವನಗುಡಿ ನೋಡೋಣ" ಅಂತ ಹೊರಟರೆ ಗಾಂಧಿ ಬಜಾರಿನಲ್ಲಿ ದೋಸೆ ತಿಂದು ವಾಪಸ್ ಬರುತ್ತೀರಿ. ಅದೂ ಒಳ್ಳೆಯದೇ. ಆದರೆ ಒಂದು ಪ್ರಶ್ನೆ ಇಟ್ಟುಕೊಂಡು ಹೊರಟರೆ ಅದೇ ರಸ್ತೆ ಬೇರೆ ಥರ ಕಾಣುತ್ತದೆ. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ರಸ್ತೆಗಳು ಯಾಕೆ ಅಷ್ಟು ಅಗಲ, ನೇರ? ಅದಕ್ಕೂ ಹಳೆಯದಾದ ಚಿಕ್ಕಪೇಟೆ, ಕುಂಬಾರಪೇಟೆಯ ಗಲ್ಲಿಗಳು ಯಾಕೆ ಅಷ್ಟು ಇಕ್ಕಟ್ಟು? ಒಂದೇ ಬೆಳಗ್ಗೆ ಎರಡನ್ನೂ ತುಳಿದು ನೋಡಿ. ಪೇಟೆಯೊಳಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕೈ ನೋಯುತ್ತದೆ, ಬಸವನಗುಡಿಗೆ ಬಂದರೆ ಒಂದೇ ಕೈಯಲ್ಲಿ ಹಿಡಿದು ಹೋಗಬಹುದು.

ಶಾಸನಗಳ ಹಿಂದೆ ಹೋಗುವವರು ಬೇಗೂರಿಗೆ ಹೋಗಲೇಬೇಕು. ನಾಗೇಶ್ವರ ದೇವಸ್ಥಾನದಲ್ಲಿರುವ ಕ್ರಿ.ಶ. 890ರ ಸುಮಾರಿನ ವೀರಗಲ್ಲಿನಲ್ಲಿ ಬೆಂಗಳೂರು ಅನ್ನೋ ಹೆಸರಿದೆ, ಕೆಂಪೇಗೌಡರು 1537ರಲ್ಲಿ ಊರು ಕಟ್ಟೋದಕ್ಕೂ ಆರು ಶತಮಾನ ಮುಂಚೆ! ಹೂ ಬಿಡುವ ಮರಗಳ ಹಿಂದೆ ಹೋಗುವವರಿಗೆ ವರ್ಷವಿಡೀ ದಾರಿ ಇದೆ: ಜನವರಿ ದಾಟಿದ ಮೇಲೆ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೀಲಿ ಜಕರಂಡ, ಬೇಸಿಗೆಗೆ ಗುಲ್‌ಮೊಹರ್, ಮಳೆಗಾಲ ಮುಗಿಯುವಾಗ ರಸ್ತೆ ತುಂಬ ಉದುರಿ ಬಿದ್ದಿರುವ ಆಕಾಶಮಲ್ಲಿಗೆ. ಕೆಂಪೇಗೌಡರ ಕಾಲದ್ದು ಅಂತ ಹೇಳುವ ನಾಲ್ಕು ಗೋಪುರಗಳನ್ನು, ಅಂದರೆ ಲಾಲ್‌ಬಾಗ್, ಮೇಖ್ರಿ ಸರ್ಕಲ್, ಕೆಂಪಾಂಬುಧಿ, ಹಲಸೂರಿನವನ್ನು, ಒಂದೇ ದಿನ ಸುತ್ತೋಣ ಅಂತ ತುಂಬ ಜನ ಹೊರಡುತ್ತಾರೆ. ನನ್ನ ಮಾತು ಕೇಳಿದರೆ ಎರಡು ದಿನಕ್ಕೆ ಮಾಡಿ. ಮೇಖ್ರಿ ಸರ್ಕಲ್ ಕಡೆಯ ಟ್ರಾಫಿಕ್ಕು ಸೈಕಲ್ಲಿನವರಿಗೆ ಕಷ್ಟ.

ನನ್ನ ಮನಸ್ಸು ಪೂರ್ತಿ ಇರೋದು ಕೆರೆಗಳ ದಾರಿಯಲ್ಲಿ. ಅದನ್ನೇ ವಿವರವಾಗಿ ಹೇಳುತ್ತೇನೆ.

ಮನೆಯಲ್ಲಿ ಕೂತು ಮಾಡುವ ಕೆಲಸ ಒಂದು ಗಂಟೆಯದು. ಮೊಬೈಲಿನ ನಕ್ಷೆಯಲ್ಲಿ ಏರು ತಗ್ಗು ತೋರಿಸುವ ಟೆರೇನ್ ನೋಟ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಜೊತೆಗೆ ಒಂದು ಹಳೆಯ ನಕ್ಷೆ ಹುಡುಕಿ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ ಕಾಲದಲ್ಲಿ ಬರೆದ ನಕ್ಷೆಗಳು ಇಂಟರ್‌ನೆಟ್‌ನಲ್ಲೇ ಸಿಗುತ್ತವೆ, ಊರ ಸುತ್ತ ಎಷ್ಟು ಕೆರೆ ಇದ್ದವು ಅಂತ ಅದರಲ್ಲಿ ಕಾಣುತ್ತದೆ. ಆಮೇಲೆ ಹೆಸರುಗಳ ಮೇಲೆ ಕಣ್ಣಿಡಿ. ಕೆರೆ, ಕಟ್ಟೆ, ಕುಂಟೆ, ಕೋಡಿ, ಏರಿ ಅನ್ನೋ ಪದ ರಸ್ತೆಗೋ ಬಡಾವಣೆಗೋ ಅಂಟಿಕೊಂಡಿದ್ದರೆ ಅಲ್ಲೊಂದು ಗುರುತು ಹಾಕಿ. ಬೊಮ್ಮಸಂದ್ರ, ಸಿಂಗಸಂದ್ರದ 'ಸಂದ್ರ' ಕೂಡ ಸಮುದ್ರ ಅನ್ನೋದರಿಂದ ಬಂದದ್ದು ಅಂತ ಹೇಳುತ್ತಾರೆ, ದೊಡ್ಡ ಕೆರೆಗೆ ಸಮುದ್ರ ಅನ್ನೋದು ನಮ್ಮಲ್ಲಿ ಹಳೆಯ ರೂಢಿ ಅಲ್ವಾ.

ಗುರುತು ಆರಕ್ಕಿಂತ ಜಾಸ್ತಿ ಬೇಡ. ಹತ್ತು ಹಾಕಿಕೊಂಡರೆ ಒಂದನ್ನೂ ಸರಿಯಾಗಿ ನೋಡೋದಿಲ್ಲ.

ನಾನು ಹೋಗುವ ದಾರಿ ಜೀವ ಇರುವ ಕೆರೆಯಿಂದ ಹೊರಟು ಜೀವ ಇರುವ ಕೆರೆಯಲ್ಲೇ ಮುಗಿಯುತ್ತದೆ, ನಡುವೆ ಸಿಗೋದೆಲ್ಲ ಹೋಗಿಬಿಟ್ಟ ಕೆರೆಗಳು. ಒಟ್ಟು 15 ಕಿಲೋಮೀಟರ್ ಆಸುಪಾಸು. ನಿಂತು, ಮಾತಾಡಿ, ಕಾಫಿ ಕುಡಿದು ಮೂರು ಗಂಟೆ ಬೇಕು. ಭಾನುವಾರ ಬೆಳಗ್ಗೆ ಆರಕ್ಕೆ ಶುರು ಮಾಡಿ, ಒಂಬತ್ತು ದಾಟಿದರೆ ರಸ್ತೆ ನಿಮ್ಮದಲ್ಲ.

ಶುರು ಗವಿಪುರದ ಹತ್ತಿರದ ಕೆಂಪಾಂಬುಧಿ ಕೆರೆಯಲ್ಲಿ. ಕೆಂಪೇಗೌಡರ ಕಾಲದ ಕೆರೆ, ಪಕ್ಕದಲ್ಲೇ ಗೋಪುರ. ನೀರು ಸ್ವಚ್ಛ ಇದೆ ಅಂತ ಹೇಳಲಾರೆ, ಆದರೂ ಕೆರೆ ಇದೆ. ಐದು ನಿಮಿಷ ಏರಿಯ ಮೇಲೆ ನಿಂತು ಏರಿ ಅಂದರೆ ಹೇಗಿರುತ್ತದೆ ಅಂತ ಚೆನ್ನಾಗಿ ನೋಡಿಕೊಳ್ಳಿ. ಒಂದು ಕಡೆ ನೀರು, ಇನ್ನೊಂದು ಕಡೆ ತಟ್ಟನೆ ತಗ್ಗು. ಈ ಆಕಾರ ಕಣ್ಣಿಗೆ ಕೂತರೆ ಮುಂದೆ ನೀರಿಲ್ಲದ ಕಡೆಯೂ ಏರಿಯನ್ನು ಗುರುತಿಸಬಹುದು.

ಅಲ್ಲಿಂದ ಚಾಮರಾಜಪೇಟೆ, ಕಾಟನ್‌ಪೇಟೆ ಹಾದು ಟ್ಯಾಂಕ್ ಬಂಡ್ ರಸ್ತೆಗೆ ಬನ್ನಿ. ಟ್ಯಾಂಕ್ ಬಂಡ್ ಅಂದರೆ ಕೆರೆ ಏರಿ. ಧರ್ಮಾಂಬುಧಿಯ ಏರಿ ಇದು. ಕೆರೆ ಹೋಗಿ ಎಷ್ಟೋ ಕಾಲವಾಯಿತು, ಏರಿ ಮಾತ್ರ ಹೆಸರಾಗಿ ಉಳಿದಿದೆ. ಒಂದು ಸಲ ಈ ಕಡೆಯಲ್ಲೇ ನನ್ನ ಮುಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಯಜಮಾನರು ಆಗ ತಾನೇ ಬಾಗಿಲು ತೆಗೆಯುತ್ತಿದ್ದರು. ಟ್ಯೂಬ್ ಹೊರಗೆಳೆದು ಗಾಳಿ ತುಂಬಿ, ಹಳೆಯ ಕಬ್ಬಿಣದ ಬಾಣಲೆಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತಾ ಬಂದರು. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. ಅಲ್ಲಿ ಬೆರಳಿಟ್ಟು, ಒರೆಸಿ, ಉಪ್ಪು ಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗಲಿ ಅಂತ ಬಾಯಿಂದ ಊದುತ್ತಾ ಕೂತರು. ನಾನು ಆ ಬಾಣಲೆಯನ್ನೇ ನೋಡುತ್ತಿದ್ದೆ. ಊರಿಗೆಲ್ಲ ನೀರು ಕೊಟ್ಟ ಕೆರೆಯ ಏರಿಯ ಮೇಲೆ ನನ್ನ ಕಣ್ಣಿಗೆ ಬಿದ್ದ ನೀರು ಅದೊಂದೇ. "ಇಲ್ಲಿ ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತೆ, ಯಜಮಾನ್ರೇ?" ಅಂದೆ. ತಲೆ ಎತ್ತದೆ, ಸೊಲ್ಯೂಷನ್ ಅಂಟಿದ ಬೆರಳಿನಿಂದಲೇ ಬಸ್ ಸ್ಟ್ಯಾಂಡ್ ಕಡೆ ತೋರಿಸಿ, "ಎಲ್ಲಾ ಅಲ್ಲಿಗೇ ಹೋಗುತ್ತೆ, ಇನ್ನೆಲ್ಲಿಗೆ ಹೋಗುತ್ತೆ" ಅಂದರು.

ಹೀಗೆ ಕೇಳೋದು ಕಲಿತುಕೊಳ್ಳಿ. "ಇಲ್ಲಿ ಕೆರೆ ಇತ್ತಾ?" ಅಂದರೆ "ಗೊತ್ತಿಲ್ಲಪ್ಪ" ಅನ್ನುತ್ತಾರೆ. "ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತೆ?" ಅಂತ ಕೇಳಿ, ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಸೈಕಲ್ಲಿನಿಂದ ಇಳಿದು, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕೇಳಿ. ಹೂ ಕಟ್ಟುವ ಅಮ್ಮಂದಿರು, ಇಸ್ತ್ರಿ ಅಂಗಡಿಯವರು, ಆಟೋ ಸ್ಟ್ಯಾಂಡಿನ ಅಣ್ಣಂದಿರು ನಕ್ಷೆಗಿಂತ ಜಾಸ್ತಿ ಬಲ್ಲವರು.

ಮೆಜೆಸ್ಟಿಕ್‌ನಿಂದ ಮುಂದೆ ಮೈಸೂರು ಬ್ಯಾಂಕ್ ಸರ್ಕಲ್ ಕಡೆ ಹೋಗಬೇಕು. ಏರು. ಈ ಭಾಗದಲ್ಲಿ ಒನ್‌ವೇ ಜಾಸ್ತಿ, ಎದುರು ದಿಕ್ಕಾದರೆ ಇಳಿದು ಫುಟ್‌ಪಾತ್ ಪಕ್ಕ ತಳ್ಳಿಕೊಂಡು ಹೋಗಿ, ಅವಸರ ಏನಿಲ್ಲ. ಏದುಸಿರು ಬಂದಾಗ ಒಂದು ಸಂಗತಿ ನೆನಪಿಡಿ, ಇಡೀ ದಾರಿಯಲ್ಲಿ ನನಗೆ ಇದರಷ್ಟು ಖುಷಿ ಕೊಡುವ ಜಾಗ ಇನ್ನೊಂದಿಲ್ಲ. ಈ ಏರಿನ ಹಿಂದೆ ಬಿದ್ದ ಮಳೆ ವೃಷಭಾವತಿ ಸೇರಿ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಏರು ದಾಟಿ ಕಂಠೀರವ ಕ್ರೀಡಾಂಗಣದ ಕಡೆ ಇಳಿದರೆ ಅಲ್ಲಿ ಬಿದ್ದ ಮಳೆ ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಎರಡು ನದಿಗಳ ನೀರು ಬೇರೆಯಾಗುವ ದಿಬ್ಬವನ್ನು ನೀವು ಸೈಕಲ್ ತುಳಿದು ದಾಟುತ್ತಿದ್ದೀರಿ. ಬೋರ್ಡಿಲ್ಲ, ಗುರುತಿಲ್ಲ, ತೊಡೆ ನೋಯೋದು ಬಿಟ್ಟಾಗ ತಿಳಿಯುತ್ತದೆ ಅಷ್ಟೇ.

ಇಳಿಯುವ ಮುಂಚೆ ಕಬ್ಬನ್ ಪಾರ್ಕಿಗೆ ಒಂದು ಸುತ್ತು ಹಾಕಿ. ಭಾನುವಾರ ಒಳಗಿನ ರಸ್ತೆಗಳಲ್ಲಿ ಕಾರು ಬೈಕು ಬಿಡೋದಿಲ್ಲ, ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಇಡೀ ದಾರಿಯಲ್ಲಿ ನೆಮ್ಮದಿಯ ಜಾಗ ಇದು. ಅಲ್ಲಿಂದ ಕಂಠೀರವ ಕ್ರೀಡಾಂಗಣಕ್ಕೆ. ಅದು ಸಂಪಂಗಿ ಕೆರೆ ಇದ್ದ ಜಾಗ. ಪಕ್ಕದ ಬಡಾವಣೆಗೆ ಸಂಪಂಗಿರಾಮನಗರ ಅಂತಲೇ ಹೆಸರು. ಕೆರೆಯ ತುಂಡೊಂದು ಸಣ್ಣ ಕೊಳವಾಗಿ ಇನ್ನೂ ಉಳಿದಿದೆ. ಅದು ಉಳಿಯೋದಕ್ಕೆ ಊರಿನ ಕರಗ ಉತ್ಸವವೇ ಕಾರಣ ಅಂತ ನಾನು ನಂಬಿದ್ದೇನೆ. ಚೈತ್ರ ಹುಣ್ಣಿಮೆಯ ಕರಗದ ಶಾಸ್ತ್ರಗಳು ಆ ನೀರಿಲ್ಲದೆ ನಡೆಯೋದಿಲ್ಲ. ಈ ಕೆರೆಯ ಸುತ್ತ ತೋಟ ಮಾಡುತ್ತಿದ್ದ ತಿಗಳರೇ ಕರಗ ಹೊರುವವರು. ಕೆರೆ ಹೋದರೂ ಅವರು ಅದರ ದಾರಿ ಮರೆತಿಲ್ಲ.

ಆಮೇಲಿನ ಎರಡು ಜಾಗ ಬೇಗ ಮುಗಿಯುತ್ತವೆ. ಲ್ಯಾಂಗ್‌ಫರ್ಡ್ ಕಡೆಯ ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲಿದೆ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಮೇಲಿದೆ. ಭಾನುವಾರ ಗೇಟು ಹಾಕಿರಬಹುದು, ಬೇಸರ ಬೇಡ. ಸುತ್ತಲಿನ ರಸ್ತೆಗಳಲ್ಲಿ ಒಂದು ಸುತ್ತು ಬನ್ನಿ. ಎಲ್ಲಿ ಪೆಡಲ್ ಹಗುರವಾಗುತ್ತದೆ, ಎಲ್ಲಿ ಭಾರವಾಗುತ್ತದೆ ಅಂತ ನೋಡಿದರೆ ಕೆರೆಯ ಅಂಚು ಎಲ್ಲಿತ್ತು ಅಂತ ಹೆಚ್ಚುಕಮ್ಮಿ ಊಹಿಸಬಹುದು. ಅದನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡಿ. ಮನೆಗೆ ಬಂದು ಹಳೆಯ ನಕ್ಷೆಯ ಪಕ್ಕ ಇಟ್ಟು ನೋಡುವ ಸಂತೋಷವೇ ಬೇರೆ.

ಕೊನೆಗೆ ಹಲಸೂರು ಕೆರೆ. ಬೆಳಗಿನಿಂದ ಸ್ಟೇಡಿಯಂ, ಬಸ್ ಸ್ಟ್ಯಾಂಡ್ ನೋಡಿ ಬಂದ ಕಣ್ಣಿಗೆ ಅಷ್ಟು ಅಗಲ ನೀರು, ನಡುವಿನ ದ್ವೀಪಗಳು, ಹಕ್ಕಿಗಳು ಒಮ್ಮೆಲೇ ಕಂಡಾಗ ಮನಸ್ಸು ತುಂಬಿ ಬರುತ್ತದೆ. ಅದಕ್ಕೇ ಈ ದಾರಿಯನ್ನು ತಿರುಗುಮುರುಗು ಮಾಡಬೇಡಿ ಅನ್ನೋದು. ಹಸಿದಿದ್ದರೆ ಹಲಸೂರು ಪೇಟೆಯೊಳಗೆ ಸೋಮೇಶ್ವರ ದೇವಸ್ಥಾನದ ಕಡೆ ಹೋಗಿ, ಇಡ್ಲಿ ಕಾಫಿಗೆ ತೊಂದರೆ ಇಲ್ಲ.

ಇನ್ನು ರಸ್ತೆಯ ಮಾತು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬ್, ಸಣ್ಣ ಪಂಪ್, ಟೈರ್ ಬಿಚ್ಚುವ ಪಟ್ಟಿ ಇರಲಿ, ಏಕೆಂದರೆ ಬೆಳಗ್ಗೆ ಆರಕ್ಕೆ ಪಂಕ್ಚರ್ ಅಂಗಡಿ ತೆಗೆದಿರೋದಿಲ್ಲ. ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ. ಮೋರಿಯ ಕಬ್ಬಿಣದ ಸರಳುಗಳು ರಸ್ತೆಯ ಉದ್ದಕ್ಕೇ ಇರುವ ಕಡೆ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ, ಅಡ್ಡವಾಗಿ ದಾಟಿ. ಮಳೆ ಬಿದ್ದ ದಿನ ರಸ್ತೆಯ ಬಿಳಿ ಪಟ್ಟಿಯ ಮೇಲೆ ಬ್ರೇಕ್ ಹಿಡಿಯಬೇಡಿ, ಜಾರುತ್ತದೆ. ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಗಡೆ ಯಾವತ್ತೂ ನುಗ್ಗಬೇಡಿ. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇರಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು, ನಾಲ್ಕು ಹೆಜ್ಜೆ ನಡೆದರೆ ಸಾಮಾನ್ಯವಾಗಿ ಅದಕ್ಕೂ ಸಾಕಾಗುತ್ತದೆ. ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು, ಆ ತಿಂಗಳುಗಳಲ್ಲಿ ಬೆಳಗ್ಗೆ ಹೋಗಿ ಬಂದುಬಿಡಿ. ದೇವಸ್ಥಾನ, ಪಾರ್ಕಿಗೆ ಹೋಗುವಾಗ ಬೀಗವನ್ನು ಚಕ್ರಕ್ಕೆ ಮಾತ್ರ ಹಾಕಬೇಡಿ. ಫ್ರೇಮನ್ನೂ ಸೇರಿಸಿ ಕಂಬಕ್ಕೆ ಹಾಕಿ. ನಾನು ಒಂದು ಸೈಕಲ್ ಕಳೆದುಕೊಂಡು ಕಲಿತ ಪಾಠ ಇದು, ಈಗಲೂ ಆ ಹಸಿರು ಸೈಕಲ್ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಈ ದಾರಿ ಹಿಡಿಸಿದರೆ ಮುಂದಿನ ಸಲ ಕೋರಮಂಗಲಕ್ಕೆ ಹೋಗಿ. ಅಲ್ಲಿನ ರಾಷ್ಟ್ರೀಯ ಕ್ರೀಡಾ ಗ್ರಾಮ ಕಟ್ಟಿರೋದೂ ಕೆರೆಯ ಜಾಗದಲ್ಲೇ, 1997ರ ಕ್ರೀಡಾಕೂಟಕ್ಕೆ ಅಂತ. ಅಲ್ಲಿಂದ ರಾಜಕಾಲುವೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಅದರ ಪಕ್ಕದ ರಸ್ತೆಗಳನ್ನೇ ಹಿಡಿದು ಬೆಳ್ಳಂದೂರು ಕೆರೆಯವರೆಗೂ ಹೋಗಿ ನೋಡಿ. ಸಂಪಂಗಿ ಕೆರೆಯ ಜಾಗದಲ್ಲಿ ಬಿದ್ದ ಮಳೆ ಇವತ್ತಿಗೂ ಹೋಗುವ ದಿಕ್ಕು ಅದೇ. ಹಿಂದಿನ ರಾತ್ರಿಯೇ ಎರಡೂ ಚಕ್ರದ ಗಾಳಿ ನೋಡಿಕೊಂಡಿರಿ.