ಮಾನಸಿಕ ಬಿಕ್ಕಟ್ಟಿನ ಕರೆ ಬಂದ ಮನೆಗೆ ಹೋಗುವುದು ಹೇಗೆ

ಬಾಗಲಕೋಟೆ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ನಾನು ಸಮಾಜ ಕಾರ್ಯಕರ್ತೆ. ನಮಗೆ ಕರೆ ಹೆಚ್ಚಾಗಿ ಆಶಾ ಕಾರ್ಯಕರ್ತೆಯರಿಂದ ಬರುತ್ತದೆ, ಕೆಲವೊಮ್ಮೆ ಠಾಣೆಯಿಂದ, ಕೆಲವೊಮ್ಮೆ ಓಣಿಯ ಹಿರಿಯರಿಂದ. ‘ಬಾಗಿಲು ಹಾಕಿಕೊಂಡು ಕೂತಿದ್ದಾನೆ, ಯಾರನ್ನೂ ಹತ್ತಿರ ಬಿಡುತ್ತಿಲ್ಲ, ಬೇಗ ಬನ್ನಿ ಮೇಡಂ.’ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವ ಪ್ರಶ್ನೆ ‘ಹಿಡಿಯುವುದು ಹೇಗೆ ಅಕ್ಕಾ?’ ಎಂಬುದು. ಮೊದಲು ಮನೆಯ ಗದ್ದಲ ಇಳಿಸುವುದನ್ನು ಕಲಿಯಿರಿ ಎನ್ನುತ್ತೇನೆ. ಗದ್ದಲ ಇಳಿದ ಮನೆಯಲ್ಲಿ ಹಿಡಿಯುವ ಪ್ರಸಂಗ ಬರುವುದೇ ಅಪರೂಪ.

ಕೆಲಸ ಫೋನಿನಲ್ಲೇ ಶುರುವಾಗುತ್ತದೆ. ಕೈಯಲ್ಲಿ ಕೊಡಲಿ, ಕುಡುಗೋಲು ಏನಾದರೂ ಇದೆಯೇ? ಮನೆಯಲ್ಲಿ ಮಕ್ಕಳಿದ್ದಾರೆಯೇ? ಏನಾದರೂ ಕುಡಿದಿದ್ದಾರೆಯೇ, ನುಂಗಿದ್ದಾರೆಯೇ? ಯಾವಾಗಿನಿಂದ ಹೀಗೆ, ಹಿಂದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವಾಗ ಬಿಟ್ಟರು? ಆಯುಧ ಇದೆ ಎಂದರೆ 112ಕ್ಕೆ ತಿಳಿಸಿಯೇ ಹೊರಡಿ. ಒಬ್ಬರೇ ಹೋಗಬೇಡಿ. ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸದೆ ಓಣಿಯ ತಿರುವಿನಲ್ಲಿ ಬಿಟ್ಟು ನಡೆದು ಹೋಗಿ. ಪೊಲೀಸರು ಜೊತೆಗೆ ಬಂದಿದ್ದರೆ ಅವರು ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರಲಿ.

ಮನೆ ತಲುಪುವ ಹೊತ್ತಿಗೆ ಅರ್ಧ ಊರು ಅಲ್ಲಿ ಸೇರಿರುತ್ತದೆ. ಕಟ್ಟೆಯ ಮೇಲೆ ಗಂಡಸರು, ಪಡಸಾಲೆಯಲ್ಲಿ ಹೆಂಗಸರು, ಮೊಬೈಲ್ ಹಿಡಿದು ಚಿತ್ರ ತೆಗೆಯುವ ಹುಡುಗರು. ಗದರಿಸಿದರೆ ಇವರು ಕದಲುವುದಿಲ್ಲ. ಊರಿನಲ್ಲಿ ಮಾತು ನಡೆಯುವ ಒಬ್ಬ ಹಿರಿಯರನ್ನು ಹುಡುಕಿ, ‘ಯಜಮಾನರೇ, ಇವರನ್ನೆಲ್ಲ ಗುಡಿಯ ಹತ್ತಿರ ಕರೆದುಕೊಂಡು ಹೋಗಿರಿ, ನಾನು ಬಂದು ಎಲ್ಲ ಹೇಳುತ್ತೇನೆ’ ಎಂದು ಕೆಲಸ ಒಪ್ಪಿಸಿ. ಒಳಗೆ ರೋಗಿ ನಂಬುವ ಒಬ್ಬರು ಇದ್ದರೆ ಸಾಕು. ಆ ಒಬ್ಬರು ಯಾರೆಂದು ಕೇಳಿಯೇ ತಿಳಿಯಬೇಕು. ಬಹಳ ಮನೆಗಳಲ್ಲಿ ಅದು ತಂದೆಯಲ್ಲ, ಅಣ್ಣನಲ್ಲ, ಸೋದರತ್ತೆಯೋ ನೆರೆಮನೆಯ ಅಜ್ಜಿಯೋ ಆಗಿರುತ್ತಾರೆ.

ರಬಕವಿ-ಬನಹಟ್ಟಿ ಕಡೆ ಮನೆಯೊಳಗೇ ವಿದ್ಯುತ್ ಮಗ್ಗ ಇರುತ್ತದೆ. ಅಂಥ ಒಂದು ಮನೆಯಲ್ಲಿ ಇಪ್ಪತ್ತರ ಹರೆಯದ ಹುಡುಗ ಮೂಲೆಗೆ ಬೆನ್ನು ಕೊಟ್ಟು ಕೂತಿದ್ದ, ಪಕ್ಕದ ಕೋಣೆಯಲ್ಲಿ ಮಗ್ಗ ನಡೆದೇ ಇತ್ತು. ಮಗ್ಗ ನಿಲ್ಲಿಸಿ ಎಂದೆ. ಬಳಿಕ ಹೊಸ್ತಿಲ ಒಳಗೆ, ಅವನು ಎದ್ದು ಹೊರಗೆ ಹೋಗಬೇಕೆಂದರೆ ಹಾದಿ ಕಟ್ಟದಂತೆ ಒಂದು ಬದಿಗೆ, ನೆಲದ ಮೇಲೆ ಕೂತೆ. ಎರಡೂ ಕೈ ಮಡಿಲಲ್ಲಿ, ಅವನಿಗೆ ಕಾಣುವಂತೆ. ‘ತಮ್ಮಾ, ನಾನು ಆಸ್ಪತ್ರೆಯಿಂದ ಬಂದಿದ್ದೇನೆ. ನಿನ್ನ ಅವ್ವ ಕರೆಸಿದರು. ಇಲ್ಲಿ ಸ್ವಲ್ಪ ಹೊತ್ತು ಕೂರಲೇ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಸುಮ್ಮನೆ ಕೂತೆ. ಅವನ ತಾಯಿ ತಂಬಿಗೆಯಲ್ಲಿ ನೀರು ತಂದರೆ, ಅದರಲ್ಲಿ ವಿಷ ಹಾಕಿದ್ದಾರೆ ಎಂದ. ತಂಬಿಗೆ ಎತ್ತಿ ಮೊದಲು ನಾನು ಕುಡಿದು ಅವನ ಮುಂದೆ ಇಟ್ಟೆ. ತುಸು ಹೊತ್ತಿನ ಮೇಲೆ ಕುಡಿದ.

‘ಮಗ್ಗ ನನ್ನ ಹೆಸರು ಹಿಡಿದು ಬೈಯುತ್ತದೆ, ನಿಮಗೆ ಕೇಳಿಸುವುದಿಲ್ಲವೇ?’ ಎಂದು ಅವನು ಕೇಳಿದಾಗ ಹೌದೆನ್ನುವುದು ಸುಳ್ಳು, ಎಲ್ಲ ನಿನ್ನ ಭ್ರಮೆ ಎನ್ನುವುದು ಜಗಳ. ‘ನನಗೆ ಕೇಳಿಸುತ್ತಿಲ್ಲ. ನಿನಗೆ ಕೇಳಿಸುತ್ತಿದೆ ಎಂದು ನಂಬುತ್ತೇನೆ. ಹೆದರಿಕೆಯಾಗುತ್ತದೆಯೇ? ರಾತ್ರಿ ನಿದ್ದೆ ಬಂತೇ?’ ಎಂದೆ. ನಿದ್ದೆಯ ಮಾತು ಬಂದೊಡನೆ ಹುಡುಗ ಅತ್ತ. ನನಗೆ ಹುಚ್ಚಿಲ್ಲ ಎಂದು ವಾದಿಸುವವರೂ ನಿದ್ದೆಯಿಲ್ಲ ಎಂಬುದನ್ನು ಒಪ್ಪುತ್ತಾರೆ. ಆಸ್ಪತ್ರೆಯ ಹಾದಿ ಹೆಚ್ಚಿನ ಸಲ ಅಲ್ಲಿಂದಲೇ ತೆರೆಯುತ್ತದೆ. ಆದರೆ ಮದುವೆಗೆ ಹೋಗೋಣ, ಜಾತ್ರೆಗೆ ಹೋಗೋಣ ಎಂದು ಸುಳ್ಳು ಹೇಳಿ ಗಾಡಿ ಹತ್ತಿಸಬೇಡಿ. ಮಾತ್ರೆಯನ್ನು ಕದ್ದು ಮಜ್ಜಿಗೆಯಲ್ಲಿ ಬೆರೆಸಲು ಮನೆಯವರಿಗೆ ಬಿಡಬೇಡಿ. ಅನ್ನದಲ್ಲಿ ವಿಷವಿದೆ ಎಂದು ಹೆದರಿದವನಿಗೆ ಅದು ಒಂದು ದಿನ ಗೊತ್ತಾದರೆ, ಅವನ ಭಯಕ್ಕೆ ನಾವೇ ಪುರಾವೆ ಕೊಟ್ಟಂತೆ.

ಎಲ್ಲ ಗಲಿಬಿಲಿಯೂ ಮನೋರೋಗವಲ್ಲ ಎಂಬುದು ಯಾವಾಗಲೂ ತಲೆಯಲ್ಲಿರಲಿ. ನಿನ್ನೆಯವರೆಗೆ ಸರಿಯಾಗಿದ್ದ ಎಪ್ಪತ್ತರ ಅಜ್ಜ ಒಂದೇ ರಾತ್ರಿಯಲ್ಲಿ ತೊದಲಿ ಮಕ್ಕಳ ಗುರುತು ಮರೆತರೆ ಜ್ವರ, ಸೋಂಕು, ಸಕ್ಕರೆ, ಸೋಡಿಯಂ, ತಲೆಗೆ ಬಿದ್ದ ಪೆಟ್ಟು ಇವನ್ನು ಮೊದಲು ನೋಡಬೇಕು. ನಮ್ಮ ಚೀಲದಲ್ಲಿ ಗ್ಲುಕೋಮೀಟರ್, ಥರ್ಮಾಮೀಟರ್, ಬಿಪಿ ಯಂತ್ರ ಇದ್ದೇ ಇರುತ್ತವೆ. ಬಾಣಂತಿ ನಿದ್ದೆಗೆಟ್ಟು, ಕೂಸನ್ನು ಕಂಡು ಹೆದರಿ, ಅರ್ಥವಿಲ್ಲದೆ ಮಾತನಾಡತೊಡಗಿದರೆ ಗಾಳಿ ಸೋಕಿದೆ ಎಂದು ದಿನ ಕಳೆಯುವುದು ಬೇಡ. ತಾಯಿ, ಕೂಸು ಇಬ್ಬರಿಗೂ ಅದು ತುರ್ತು.

ಶ್ರಾವಣದ ಸಮಯದಲ್ಲಿ, ಮಾಲೆ ಹಾಕುವ ದಿನಗಳಲ್ಲಿ ಇನ್ನೊಂದು ಬಗೆಯ ಕರೆ ಬರುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವರು ಆಣೆ ಮಾಡಿ ಒಮ್ಮೆಗೇ ಬಿಟ್ಟಿರುತ್ತಾರೆ. ಬಿಟ್ಟ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಒಳಗೆ ಮೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಹರಿಯುವುದು ಕಾಣಬಹುದು. ಮನೆಯವರು ದೇವರು ಮುನಿದಿದೆ ಎಂದು ಗುಡಿಗೆ ಒಯ್ಯುತ್ತಾರೆ. ಇದು ಜೀವ ತೆಗೆಯುವ ಸ್ಥಿತಿ, 108 ಕರೆಸಿ ಆಸ್ಪತ್ರೆಗೇ ಒಯ್ಯಬೇಕು. ಅವರ ಹರಕೆಯನ್ನು ಹೀಯಾಳಿಸುವ ಅಗತ್ಯವಿಲ್ಲ. ‘ಬಿಟ್ಟಿದ್ದು ಒಳ್ಳೆಯದಾಯಿತು, ಬಿಡುವಾಗ ವೈದ್ಯರ ಆಸರೆ ಇರಲಿ’ ಎಂದರೆ ಯಾರೂ ಮುನಿಯುವುದಿಲ್ಲ.

ಸಾಯುವ ಮಾತನ್ನು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಬಿಡಿ, ಹಾಗಾಗುವುದಿಲ್ಲ. ಸಾಲ ಹೊತ್ತ ಕಬ್ಬಿನ ರೈತ ‘ಎಲ್ಲ ಮುಗಿಯಿತು’ ಎಂದಾಗ ‘ಅಣ್ಣಾ, ಜೀವ ಕಳೆದುಕೊಳ್ಳಬೇಕು ಅನಿಸುತ್ತಿದೆಯೇ? ಹೇಗೆ ಎಂದು ಯೋಚಿಸಿದ್ದೀರಾ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ನಮ್ಮ ಕಡೆ ಮಂಚದ ಕೆಳಗೆ, ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಇರುತ್ತದೆ. ಮನೆಯವರೊಬ್ಬರ ಜೊತೆ ನೀವೇ ನಿಂತು ಅದನ್ನು ತೆಗೆಸಿ, ನೆರೆಯವರ ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಗೆ ಸೇರಿಸಿ. ಸಾಯಬೇಕೆಂಬ ತುಡಿತ ಹಲವರಲ್ಲಿ ಏರಿ ಇಳಿಯುತ್ತದೆ. ಅದು ಏರಿದ ಗಳಿಗೆಯಲ್ಲಿ ಕೈಗೆ ಎಣ್ಣೆ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ.

ಆಗಲೇ ಆ ವಿಷ ಕುಡಿದಿದ್ದರೆ ಸಮಾಲೋಚನೆ ಆಮೇಲೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬಾರದು. ಎಣ್ಣೆ ಬಿದ್ದ ಬಟ್ಟೆ ತೆಗೆದು ಮೈ ತೊಳೆಯಿರಿ, ನಿಮ್ಮ ಕೈಗೆ ಕೈಗವಸು ಇರಲಿ. ಬಾಟಲಿಯನ್ನು ಜೊತೆಗೇ ಒಯ್ಯಿರಿ, ವೈದ್ಯರಿಗೆ ಅದು ಬೇಕು. ಚೆನ್ನಾಗಿಯೇ ಕಂಡರೂ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಪೊಲೀಸ್ ಕೇಸಿನ ಭಯಕ್ಕೆ ಮನೆಯವರು ಹಿಂಜರಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಇದೇ ಕಾಯ್ದೆಯ ಇನ್ನು ಮೂರು ಕಲಮುಗಳು ಬಾಯಿಪಾಠವಾಗಿರಲಿ. 95: ಯಾವ ರೀತಿಯಲ್ಲೂ ಸಂಕೋಲೆ ಹಾಕಿ ಕಟ್ಟುವಂತಿಲ್ಲ. 100: ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ಪಡೆದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. 94: ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯವರು ‘ಇವರನ್ನು ಧಾರವಾಡಕ್ಕೆ ಒಯ್ಯಿರಿ’ ಎಂದು ಬಾಗಿಲಲ್ಲೇ ತಿರುಗಿಸಿದಾಗ ನನಗೆ ಕೈ ಹಿಡಿದದ್ದು ಈ 94. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದಿದ್ದರೂ ಗಂಟೆಗಟ್ಟಲೆ ಪಯಣಕ್ಕೆ ಮೊದಲು ರೋಗಿಯನ್ನು ಒಬ್ಬ ವೈದ್ಯರು ನೋಡಿರಲೇಬೇಕು.

ಕಟ್ಟಿದ ಹಗ್ಗವನ್ನು ಕಂಡರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಕಟ್ಟಿದ ತಂದೆಯ ಮೇಲೆ ರೇಗಬೇಡಿ, ಆತ ಎಷ್ಟೋ ರಾತ್ರಿ ನಿದ್ದೆಗೆಟ್ಟು ಕಾದಿರುತ್ತಾನೆ. ‘ಇಷ್ಟು ದಿನ ನೀವು ಕಾದಿರಿ, ಈಗ ನಾವು ಬಂದಿದ್ದೇವೆ, ಬಿಚ್ಚೋಣ’ ಎನ್ನಿ. ಬಿಚ್ಚುವ ಮುನ್ನ ಕಟ್ಟಿಸಿಕೊಂಡವರಿಗೆ ಹೇಳಿ: ‘ಈಗ ಎಡಗೈ ಬಿಚ್ಚುತ್ತೇನೆ.’ ಮಣಿಕಟ್ಟಿನ ಗಾಯ, ಊತ ನೋಡಿ ಬರೆದುಕೊಳ್ಳಿ.

ಮರುಭೇಟಿ ವಾರದೊಳಗೆ ಆಗಬೇಕು, ಆಸ್ಪತ್ರೆಯ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋದರೆ ಓಣಿಯಲ್ಲಿ ಮತ್ತೆ ಗುಂಪು ಸೇರುವುದಿಲ್ಲ. ನಿದ್ದೆ ಹೇಗಿದೆ, ಮಾತ್ರೆಯಿಂದ ನಾಲಿಗೆ ಬಿಗಿಯುತ್ತದೆಯೇ, ಕುತ್ತಿಗೆ ಸೆಟೆಯುತ್ತದೆಯೇ ಕೇಳಿ. ಈ ತೊಂದರೆಗೆ ಔಷಧವಿದೆ, ಹೇಳದಿದ್ದರೆ ಅವರು ಮಾತ್ರೆಯನ್ನೇ ಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗಿಗಳನ್ನು ನೋಡುವ ಮನೋಚೈತನ್ಯ ಶಿಬಿರ ಮಂಗಳವಾರ ಇರುತ್ತದೆ, ಅಂದು ಕೂಲಿ ಬಿಟ್ಟು ಜೊತೆಗೆ ಬರುವವರು ಯಾರೆಂದು ಮನೆಯಲ್ಲಿ ಕೂತೇ ನಿಶ್ಚಯಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಆ ಸಂಖ್ಯೆಯನ್ನು ರೋಗಿಯ ಮೊಬೈಲಿನಲ್ಲೂ, ಹೆಂಡತಿಯದೋ ತಾಯಿಯದೋ ಮೊಬೈಲಿನಲ್ಲೂ ನೀವೇ ಉಳಿಸಿಕೊಡಿ. ಹೊರಡುವ ಮುನ್ನ ನೆರೆಮನೆಗೆ ಹೋಗಿ, ಎಣ್ಣೆಯ ಪೆಟ್ಟಿಗೆಯ ಬೀಗದ ಕೈ ಇನ್ನೂ ಅವರ ಬಳಿಯೇ ಇದೆಯೇ ನೋಡಿ ಬನ್ನಿ.