ಡಿಸ್ಕೌಂಟ್ ರೋಡ್ ಬೈಕ್ ತಗೋಬಹುದಾ? ಬೋರ್ಡ್ ಬಿಟ್ಟು ಬೈಕ್ ನೋಡೋದು ಹೀಗೆ

ಟಗರಿನ ಕೊಂಬಿನ ಥರ ಕೆಳಗೆ ಬಾಗಿರೋ ಹ್ಯಾಂಡಲ್ಲು, ತೆಳು ಟಯರು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ಶೇ 35 ಆಫ್ ಅಂತ ಬೋರ್ಡು. ರೋಡ್ ಬೈಕ್ ಅಂದ್ರೆ ಇದೇ, ರಸ್ತೆಯಲ್ಲಿ ವೇಗವಾಗಿ ಓಡಿಸೋ ಸೈಕಲ್ಲು. ಸೈಕಲ್ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಈ ದೃಶ್ಯ ಕೆಲವು ವರ್ಷಗಳಿಂದ ಮಾಮೂಲಾಗ್ಬಿಟ್ಟಿದೆ. ಇದಕ್ಕೊಂದು ಕಾರಣನೂ ಇದೆ. 2020ರ ಲಾಕ್‌ಡೌನ್ ಟೈಮಲ್ಲಿ ಪ್ರಪಂಚದಲ್ಲೆಲ್ಲಾ ಜನ ಸೈಕಲ್ ಸೈಕಲ್ ಅಂತ ಮುಗಿಬಿದ್ರು, ಸ್ಟಾಕ್ ಸಿಗ್ಲಿಲ್ಲ, ಕಂಪನಿಗಳು ಅದೇ ಬೇಡಿಕೆ ಹೀಗೇ ಇರುತ್ತೆ ಅನ್ಕೊಂಡು ರಾಶಿಗಟ್ಟಲೆ ಆರ್ಡರ್ ಹಾಕಿದ್ರು, ಮಾಲು ಗೋಡೌನ್‌ಗೆ ಬಂದು ಬೀಳೋ ಹೊತ್ತಿಗೆ ಜನ ಮತ್ತೆ ಆಫೀಸು ಟ್ರಾಫಿಕ್ಕು ಅಂತ ಹೊರಟುಹೋಗಿದ್ರು. ಇಂಗ್ಲೆಂಡಿನ ದೊಡ್ಡ ಆನ್‌ಲೈನ್ ಸೈಕಲ್ ಅಂಗಡಿ ವಿಗಲ್ 2023ರ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದೂ ಇದೇ ಹೊಡೆತದ ಕಾಲದಲ್ಲೇ.

ಹಾಗಾಗಿ ಡಿಸ್ಕೌಂಟ್ ಇದೆ ಅಂದಾಕ್ಷಣ ಮಾಲು ಡೌಟು ಅಂತೇನಿಲ್ಲ. ಆದ್ರೆ ಸೇಲ್‌ನಲ್ಲಿ ಕೊನೆಗೆ ಉಳ್ಕೊಂಡಿರೋದು ಯಾವ್ದು ಅಂತ ನೋಡಿ: ಯಾರಿಗೂ ಆಗದ ಸೈಜು, ಹಳೇ ಗೇರ್ ಸೆಟ್ಟು, ಟೆಸ್ಟ್ ರೈಡ್‌ಗೆ ಇಟ್ಟಿದ್ದು, ಗಿರಾಕಿ ವಾಪಸ್ ಕೊಟ್ಟಿದ್ದು. ಇದರಲ್ಲಿ ನಿಮ್ಮ ಮುಂದಿರೋದು ಯಾವ್ದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಇನ್ನರ್ಧ ಬರೀ ಲೆಕ್ಕ, ಟ್ಯಾಗ್ ಮೇಲಿರೋ ಬೆಲೆಗೆ ಆ ಬೈಕನ್ನ ನಿಮಗೆ ಸರಿಯಾಗೋ ಹಾಗೆ ಮಾಡ್ಕೊಳ್ಳೋ ಖರ್ಚು ಸೇರಿಸಿದ್ರೆ ಬರೋದೇ ನಿಜವಾದ ಬೆಲೆ.

ಮೊದಲು ಎಂಆರ್‌ಪಿ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಮುಂಚೆ ಪ್ರಿಂಟ್ ಆಗಿರೋ ಎಂಆರ್‌ಪಿಯಲ್ಲಿ ಹಳೇ ತೆರಿಗೆ ಸೇರ್ಕೊಂಡೇ ಇರುತ್ತೆ. ಸ್ಟಿಕ್ಕರ್ ಮೇಲೆ 60,000 ಇದೆ ಅನ್ಕೊಳ್ಳಿ, ಹಳೇ ತೆರಿಗೆ ತೆಗೆದು ಹೊಸದು ಹಾಕಿದ್ರೆ ಅದು 56,250 ಆಗುತ್ತೆ. ಅಂದ್ರೆ ಅಂಗಡಿಯವರು 42,000ಕ್ಕೆ ಕೊಟ್ಟು ಶೇ 30 ಆಫ್ ಅಂತ ಹೇಳಿದ್ರೂ ಅವರ ಕಡೆಯಿಂದ ನಿಜವಾಗಿ ಬಿಟ್ಟಿರೋದು ಶೇ 25 ಚಿಲ್ಲರೆ, ಉಳಿದಿದ್ದು ಸರ್ಕಾರ ಬಿಟ್ಟಿದ್ದು. ಮೋಸ ಅಂತ ಹೇಳ್ತಿಲ್ಲ, ಚೌಕಾಸಿ ಮಾಡೋವಾಗ ಕೈಯಲ್ಲಿರ್ಲಿ ಅಂತ. ಇದಕ್ಕಿಂತ ಮುಖ್ಯವಾಗಿ, ಅದೇ ಮಟ್ಟದ ಈ ವರ್ಷದ ಬೈಕು ಬೇರೆ ಬ್ರಾಂಡ್‌ನಲ್ಲಿ ಡಿಸ್ಕೌಂಟ್ ಇಲ್ಲದೆ ಎಷ್ಟಕ್ಕೆ ಸಿಗ್ತಿದೆ ನೋಡಿ, ಹೋಲಿಸ್ಬೇಕಾಗಿರೋದು ಅದಕ್ಕೆ.

ಬೈಕ್ ಎಷ್ಟು ಹಳೇದು ಅಂತ ಕೇಳಿದ್ರೆ ಎಲ್ರೂ ಹೋದ ವರ್ಷದ್ದು ಸಾರ್ ಅಂತಾನೇ ಹೇಳೋದು. ಗೇರ್ ಮಾಡೋ ಶಿಮಾನೊ ಕಂಪನಿಯ ಪಾರ್ಟ್ಸ್ ಇದ್ರೆ ಹಿಂದಿನ ಡಿರೇಲರ್ (ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ತುಂಡು) ಒಳಮೈ ಅಥವಾ ಪೆಡಲ್ ಕೂತಿರೋ ಕ್ರ್ಯಾಂಕ್ ತೋಳಿನ ಒಳಗಡೆ ಟಾರ್ಚ್ ಬಿಟ್ಟು ಹುಡುಕಿ, ಸಣ್ಣದಾಗಿ ಎರಡು ಇಂಗ್ಲಿಷ್ ಅಕ್ಷರ ಒತ್ತಿರ್ತಾರೆ. ಮೊದಲನೇದು ವರ್ಷ: ಎಸ್ ಅಂದ್ರೆ 2020, ಟಿ 2021, ಯು 2022, ಹೀಗೇ ಮುಂದಕ್ಕೆ. ಎರಡನೇದು ತಿಂಗಳು, ಎ ಅಂದ್ರೆ ಜನವರಿ. ಅದು ಪಾರ್ಟ್ ತಯಾರಾದ ತಿಂಗಳು, ಬೈಕ್ ಜೋಡಿಸಿದ್ದು ಸ್ವಲ್ಪ ಆಮೇಲೆ ಇರ್ಬಹುದು, ಆದ್ರೂ ಅಂದಾಜು ಸಿಗುತ್ತೆ. ನಾಲ್ಕೈದು ವರ್ಷ ನಿಂತ ಬೈಕಾದ್ರೆ ಫ್ರೇಮಿಗೇನೂ ಆಗಿರಲ್ಲ, ಟಯರ್ ಪಕ್ಕದಲ್ಲಿ ಬಿರುಕು ಬಿಟ್ಟಿರ್ಬಹುದು, ಬೇರಿಂಗ್ ಗ್ರೀಸ್ ಗಟ್ಟಿಯಾಗಿರ್ಬಹುದು. ಟಯರು ಮತ್ತೆ ಒಂದು ಫುಲ್ ಸರ್ವಿಸ್ ಅವರ ಲೆಕ್ಕದಲ್ಲೇ ಮಾಡಿಸ್ಕೊಳ್ಳಿ.

ಸೈಜು ಆಗಿಲ್ಲ ಅಂದ್ರೆ ಮುಂದಕ್ಕೆ ನೋಡೋದೇ ಬೇಡ

ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು. ಎಲ್ರಿಗೂ ಆಗೋ ಮಧ್ಯದ ಸೈಜುಗಳು ಮೊದಲೇ ಖಾಲಿ, ಸೇಲ್‌ನಲ್ಲಿ ಉಳಿಯೋದು ತೀರಾ ಚಿಕ್ಕದು ಇಲ್ಲಾ ತೀರಾ ದೊಡ್ಡದು. ಸೀಟ್ ಸ್ವಲ್ಪ ಇಳಿಸಿದ್ರೆ ಆಗುತ್ತೆ ಸಾರ್ ಅಂತಾರೆ. ಸೀಟ್ ಇಳಿಯುತ್ತೆ ನಿಜ, ಆದ್ರೆ ಸೀಟಿಂದ ಹ್ಯಾಂಡಲ್ಲಿಗೆ ಇರೋ ದೂರ ಫ್ರೇಮ್‌ನಲ್ಲೇ ಕೂತಿರುತ್ತಲ್ಲ, ಅದನ್ನೇನು ಮಾಡ್ತೀರ? ಹ್ಯಾಂಡಲ್ ಹಿಡಿದಿರೋ ತುಂಡು, ಅಂದ್ರೆ ಸ್ಟೆಮ್, ಬದಲಾಯಿಸಿ ಒಂದೆರಡು ಸೆಂಟಿಮೀಟರ್ ಹೊಂದಿಸ್ಬಹುದು, ಅದಕ್ಕಿಂತ ಜಾಸ್ತಿ ಗಿಡ್ಡ ಮಾಡಿದ್ರೆ ಹ್ಯಾಂಡಲ್ ತೀರಾ ಚುರುಕಾಗಿ ಅತ್ಲಾಗೆ ಇತ್ಲಾಗೆ ಹೊಡ್ಯುತ್ತೆ, ಹೊಸಬರಿಗೆ ಭಯ ಆಗುತ್ತೆ.

ಮನೇಲೇ ಅಳತೆ ಮಾಡ್ಕೊಂಡು ಹೋಗಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕ ಒಂದನ್ನ ಕಾಲುಗಳ ಮಧ್ಯೆ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿಂದ ನೆಲಕ್ಕೆ ಎಷ್ಟಿದೆ ಅಂತ ಯಾರ ಕೈಲಾದ್ರೂ ಟೇಪ್ ಹಿಡಿಸಿ ನೋಡಿ. ಅದನ್ನ 0.883ರಿಂದ ಗುಣಿಸಿದ್ರೆ ಕ್ರ್ಯಾಂಕ್ ತೋಳುಗಳು ತಿರುಗೋ ನಡುಮಧ್ಯದಿಂದ ಸೀಟ್ ಮೇಲ್ಮೈವರೆಗಿನ ಎತ್ತರ ಹೆಚ್ಚುಕಮ್ಮಿ ಸಿಗುತ್ತೆ, 78 ಸೆಂಟಿಮೀಟರ್ ಬಂದ್ರೆ ಸುಮಾರು 69. ಅಂಗಡಿಯಲ್ಲಿ ಸೀಟನ್ನ ಆ ಎತ್ತರಕ್ಕೆ ನಿಲ್ಲಿಸಿ, ಬ್ರೇಕ್ ಲಿವರ್ ಮೇಲಿನ ರಬ್ಬರ್ ಹಿಡ್ಕೊಂಡು ಕೂತ್ಕೊಳ್ಳಿ. ಮೊಣಕೈ ಸ್ವಲ್ಪ ಮಡಚಿಕೊಂಡು ಆರಾಮಾಗಿರ್ಬೇಕು. ಕೈ ನೆಟ್ಟಗೆ ಎಳ್ದಿದ್ರೆ, ಕತ್ತು ಮೇಲೆತ್ತಿ ನೋಡೋಕೆ ಕಷ್ಟ ಆಗ್ತಿದ್ರೆ ಶೇ 60 ಆಫ್ ಕೊಟ್ರೂ ಬಿಟ್ಟು ಬನ್ನಿ. ಒಂದು ಬ್ರಾಂಡ್‌ನ ಎಂ ಇನ್ನೊಂದು ಬ್ರಾಂಡ್‌ನ ಎಂ ಒಂದೇ ಅಲ್ಲ ಅನ್ನೋದೂ ನೆನಪಿರ್ಲಿ.

ಗೇರು: ಸ್ಟಿಕ್ಕರ್ ನಂಬ್ಬೇಡಿ, ಹಲ್ಲು ಎಣಿಸಿ

ಶಿಮಾನೊದ ರೋಡ್ ಗೇರ್ ಸೆಟ್ಟುಗಳು ಕೆಳಗಿಂದ ಮೇಲಕ್ಕೆ ಟೂರ್ನಿ, ಕ್ಲಾರಿಸ್, ಸೋರ, ಟಿಯಾಗ್ರ, 105 ಅಂತ ಹೋಗುತ್ವೆ. ಟೂರ್ನಿಯಲ್ಲಿ ಹಿಂದೆ 7 ಗೇರು, ಕ್ಲಾರಿಸ್‌ನಲ್ಲಿ 8, ಸೋರದಲ್ಲಿ 9, ಟಿಯಾಗ್ರದಲ್ಲಿ 10. ಕಂಪನಿ 2023ರಲ್ಲಿ ಕ್ಯೂಸ್ ಅಂತ ಹೊಸ ಸಾಲು ಶುರು ಮಾಡಿದೆ, ಅದಕ್ಕೂ ಈ ಹಳೇದಕ್ಕೂ ಶಿಫ್ಟರ್ (ಗೇರ್ ಹಾಕೋ ಲಿವರ್), ಡಿರೇಲರ್ ಹೊಂದಲ್ಲ. ಹಳೇ ಸೆಟ್ಟಿನ ಬೈಕುಗಳನ್ನ ಅಂಗಡಿಗಳು ಖಾಲಿ ಮಾಡೋಕೆ ಇದೂ ಒಂದು ಕಾರಣ.

ನನ್ನ ಪ್ರಕಾರ ಗೆರೆ ಎಳೀಬೇಕಾಗಿರೋದು ಟೂರ್ನಿ ಮತ್ತೆ ಕ್ಲಾರಿಸ್ ಮಧ್ಯೆ. ಬರೀ ಒಂದು ಗೇರ್ ಜಾಸ್ತಿ ಅನ್ನೋ ಮಾತಲ್ಲ ಇದು. ಟೂರ್ನಿ ಬೈಕುಗಳಲ್ಲಿ ಹಿಂದೆ ಸಾಮಾನ್ಯವಾಗಿ ಫ್ರೀವೀಲ್ ಇರುತ್ತೆ, ಅಂದ್ರೆ ಹಲ್ಲಿನ ಚಕ್ರಗಳ ಗುಂಪನ್ನೇ ಚಕ್ರದ ನಡುವಿನ ಹಬ್ ಮೇಲೆ ತಿರುಪಿ ಕೂರಿಸಿರ್ತಾರೆ, ಬಲಗಡೆ ಬೇರಿಂಗು ಒಳಕ್ಕೆ ಸರಿದುಬಿಡುತ್ತೆ, ಎಕ್ಸೆಲ್‌ನ ಉದ್ದನೆ ತುಂಡಿಗೆ ಆಸರೆನೇ ಇರಲ್ಲ, 80 ಕೆಜಿ ಮನುಷ್ಯ ನಮ್ಮೂರ ಗುಂಡಿಗೆ ನಾಲ್ಕು ಸಲ ಇಳಿಸಿದ್ರೆ ಅದು ಬೆಂಡಾಗೋ ಚಾನ್ಸ್ ಜಾಸ್ತಿ. ಕ್ಲಾರಿಸ್‌ನಿಂದ ಮೇಲೆ ಕ್ಯಾಸೆಟ್, ಅಂದ್ರೆ ಹಲ್ಲಿನ ಚಕ್ರಗಳನ್ನ ಹಬ್ ಮೇಲೆ ಜಾರಿಸಿ ಕೂರಿಸಿರ್ತಾರೆ, ಬೇರಿಂಗು ಹೊರ ಅಂಚಿಗೆ ಬರುತ್ತೆ, ಈ ತಲೆನೋವು ಕಮ್ಮಿ. ಗುರುತು ಹಿಡಿಯೋದು ಸುಲಭ: ಹಿಂದಿನ ಅತಿ ಚಿಕ್ಕ ಚಕ್ರದ ಹಲ್ಲು ಎಣಿಸಿ. 14 ಬಂದ್ರೆ ಹೆಚ್ಚಾಗಿ ಫ್ರೀವೀಲು, 11 ಅಥವಾ 12 ಬಂದ್ರೆ ಕ್ಯಾಸೆಟ್ಟು. ಇನ್ನೊಂದು, ಟೂರ್ನಿ ಶಿಫ್ಟರ್‌ನಲ್ಲಿ ಒಂದು ಕಡೆಗೆ ಗೇರ್ ಹಾಕೋಕೆ ಹೆಬ್ಬೆಟ್ಟಿಂದ ಒತ್ತೋ ಬಟನ್ ಇರುತ್ತೆ, ಹ್ಯಾಂಡಲ್ ಕೆಳಗಡೆ ಹಿಡಿದಾಗ ಅದು ಕೈಗೆಟುಕಲ್ಲ. ಕ್ಲಾರಿಸ್‌ನಲ್ಲಿ ಎರಡೂ ಲಿವರ್ ಬ್ರೇಕ್ ಹತ್ರಾನೇ ಇರುತ್ವೆ.

ಆನ್‌ಲೈನ್‌ನಲ್ಲಿ ಬರೋ 21 ಸ್ಪೀಡ್ ಶಿಮಾನೊ ಗೇರ್ ಅನ್ನೋ ಬೈಕುಗಳಲ್ಲಿ ಎಷ್ಟೋ ಸಲ ಶಿಮಾನೊ ಆಗಿರೋದು ಹಿಂದಿನ ಡಿರೇಲರ್ ಮಾತ್ರ, ಶಿಫ್ಟರ್ರು ಚೈನು ಕ್ರ್ಯಾಂಕು ಎಲ್ಲಾ ಹೆಸರಿಲ್ಲದ್ದು. ಒಂದೊಂದರ ಮೇಲೂ ಏನು ಬರೆದಿದೆ ಓದಿ.

ಇನ್ನು ಏರು. ನಂದಿ ಬೆಟ್ಟವೋ ಚಾಮುಂಡಿ ಬೆಟ್ಟವೋ ಹತ್ತೋ ಆಸೆ ಇಲ್ಲದೆ ಯಾರೂ ರೋಡ್ ಬೈಕ್ ತಗೊಳ್ಳಲ್ಲ. ಮುಂದೆ ಪೆಡಲ್ ಹತ್ರ ಇರೋ ಹಲ್ಲಿನ ಚಕ್ರಗಳಲ್ಲಿ (ರಿಂಗ್) ಚಿಕ್ಕದು 34 ಹಲ್ಲು, ಹಿಂದಿನ ದೊಡ್ಡದು 28 ಇದ್ರೆ, ನಿಮಿಷಕ್ಕೆ 60 ಸುತ್ತು ತುಳಿಯೋಕೂ ಗಂಟೆಗೆ 9 ಕಿಮೀ ಮೇಲೆ ಹೋಗ್ತಿರ್ಬೇಕು. ಹಿಂದೆ 34 ಇದ್ರೆ ಏಳೂವರೆ ಸಾಕು. ಕಡಿದಾದ ತಿರುವಲ್ಲಿ ಈ ಒಂದೂವರೆ ಕಿಮೀ ವ್ಯತ್ಯಾಸನೇ ತುಳಿಯೋದಾ ಇಳಿದು ತಳ್ಳೋದಾ ಅಂತ ತೀರ್ಮಾನ ಮಾಡೋದು. ಮುಂದೆ 44ರ ಒಂದೇ ರಿಂಗು, ಹಿಂದೆ 28 ಇರೋ ಬೈಕಾದ್ರೆ ಅದೇ ತುಳಿತಕ್ಕೆ ಸುಮಾರು 12 ಕಿಮೀ, ಹೊಸಬರಿಗೆ ನಂದಿ ಮೇಲೆ ಅದು ಶಿಕ್ಷೆ. ಕ್ಯಾಸೆಟ್ ಬದಲಾಯಿಸೋದು ದೊಡ್ಡ ಖರ್ಚಲ್ಲ, ಆದ್ರೆ ಈಗಿರೋ ಡಿರೇಲರ್ ದೊಡ್ಡ ಹಲ್ಲನ್ನ ತಡ್ಕೊಳ್ಳುತ್ತಾ ಅಂತ ಮೆಕ್ಯಾನಿಕ್ ಹತ್ರ ಕೇಳಿ.

8 ಗೇರ್ ಹಳೇದಾಯ್ತಲ್ಲ ಅಂತ ಕೊರಗ್ಬೇಡಿ. ಹಾಸನ, ದಾವಣಗೆರೆ ಕಡೆ ಇರೋರಿಗೆ ಅದೇ ಒಳ್ಳೇದು, ಹೈಬ್ರಿಡ್ಡಿಗೂ (ನೆಟ್ಟನೆ ಹ್ಯಾಂಡಲ್ಲಿನ ಊರೊಳಗಿನ ಸೈಕಲ್) ಎಂಟಿಬಿಗೂ (ಬೆಟ್ಟಗುಡ್ಡದ ಸೈಕಲ್) ಹಾಕೋ 8 ಸ್ಪೀಡ್ ಚೈನು ಸುಲಭವಾಗಿ ಸಿಗುತ್ತೆ, ಬೆಲೆನೂ ಕಮ್ಮಿ, ಬೇರೆ ಕಂಪನಿಗಳೂ ಮಾಡ್ತಾರೆ.

ಫೋರ್ಕು, ಬ್ರೇಕು

ಜೇಬಲ್ಲಿ ಫ್ರಿಡ್ಜ್ ಮೇಲಿಂದ ಒಂದು ಆಯಸ್ಕಾಂತ ಕಿತ್ಕೊಂಡು ಹೋಗಿ. ಫ್ರೇಮಿಗೆ, ಮುಂದಿನ ಚಕ್ರ ಹಿಡಿದಿರೋ ಫೋರ್ಕಿಗೆ ಹಿಡಿದು ನೋಡಿ, ಅಂಟ್ಕೊಂಡ್ರೆ ಸ್ಟೀಲು, ಅಂಟದೇ ಇದ್ರೆ ಅಲಾಯ್ (ಅಲ್ಯೂಮಿನಿಯಂ) ಅಥವಾ ಕಾರ್ಬನ್. ಅಲಾಯ್ ಬೈಕ್ ಅಂತ ಹೇಳಿ ಫೋರ್ಕ್ ಮಾತ್ರ ಸ್ಟೀಲ್ ಹಾಕಿರೋದು ತೀರಾ ಸಾಮಾನ್ಯ, ಅದರಿಂದ ತೂಕನೂ ಜಾಸ್ತಿ. ಎಂಟ್ರಿ ಲೆವೆಲ್ ಬೈಕು 10–11 ಕೆಜಿ ಇದ್ರೆ ಸರಿ, 13 ದಾಟಿದ್ರೆ ಯೋಚ್ನೆ ಮಾಡಿ.

ರಿಮ್ ಬ್ರೇಕ್ (ಚಕ್ರದ ಅಂಚಿಗೆ ರಬ್ಬರ್ ಒತ್ತಿ ನಿಲ್ಲಿಸೋದು) ಬೈಕುಗಳಿಗೆ ಈಗ ಒಳ್ಳೆ ಡಿಸ್ಕೌಂಟ್ ಸಿಗುತ್ತೆ, ಮಾರ್ಕೆಟ್ ಎಲ್ಲಾ ಡಿಸ್ಕ್ ಕಡೆ ಹೋಗಿದೆ. ಬಯಲುಸೀಮೆ ಒಣ ರಸ್ತೆಗೆ ರಿಮ್ ಬ್ರೇಕ್ ಧಾರಾಳ ಸಾಕು, ಹಗುರ, ರಿಪೇರಿನೂ ಸುಲಭ. ಮಳೆಗಾಲದಲ್ಲಿ ಆಗುಂಬೆಯ 14 ತಿರುವು ಇಳೀಬೇಕು ಅನ್ನೋರಿಗೆ ಡಿಸ್ಕು. ಯಾವುದೇ ಇರ್ಲಿ, 28 ಎಂಎಂ ಅಗಲದ ಟಯರ್ ಹಿಡಿಸುತ್ತಾ ಅಂತ ಮಾತ್ರ ಕೇಳಿ, ನಮ್ಮ ರಸ್ತೆಗೆ 25 ಸಾಲಲ್ಲ.

ಐದು ನಿಮಿಷದ ಕೈ ಪರೀಕ್ಷೆ

ಬೈಕ್ ಎತ್ತಿ ಚಕ್ರ ತಿರುಗಿಸಿ, ಬ್ರೇಕ್ ರಬ್ಬರಿಗೂ ರಿಮ್ಮಿಗೂ ಇರೋ ಸಂದಿ ನೋಡ್ತಾ ಇರಿ, ಡಿಸ್ಕ್ ಬೈಕಾದ್ರೆ ಫ್ರೇಮಿಗೂ ರಿಮ್ಮಿಗೂ ಇರೋ ಸಂದಿ. ಅದು ಅಗಲ ಕಿರಿದು ಆಗ್ತಿದ್ರೆ ಬೆಂಡಿದೆ, ಸ್ವಲ್ಪ ಇದ್ರೆ ಕಡ್ಡಿ ಬಿಗಿ ಮಾಡಿ ತೆಗೀತಾರೆ. ರಿಮ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಹಬ್ ಲೂಸು. ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು ಬೈಕನ್ನ ಹಿಂದೆ ಮುಂದೆ ದೂಡಿ, ಹ್ಯಾಂಡಲ್ ಬುಡದಲ್ಲಿ ಸದ್ದು ಬಂದ್ರೆ ಅಲ್ಲಿರೋ ಬೇರಿಂಗು, ಅಂದ್ರೆ ಹೆಡ್‌ಸೆಟ್ ಲೂಸು. ಇವೆಲ್ಲಾ ಸರಿ ಆಗುವಂಥದ್ದೇ.

ಆಮೇಲೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಡಿರೇಲರ್ ನೋಡಿ, ಅದರ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲಿನ ಚಕ್ರದ ನೇರಕ್ಕೇ ಇರ್ಬೇಕು, ಒಳಕ್ಕೆ ವಾಲಿದ್ರೆ ಬೈಕ್ ಬಲಕ್ಕೆ ಬಿದ್ದಿದೆ ಅಥವಾ ಸಾಗಿಸುವಾಗ ಏಟು ತಿಂದಿದೆ. ಡಿರೇಲರ್ ಕೂತಿರೋ ಹ್ಯಾಂಗರ್ ಅನ್ನೋ ತುಂಡು ಬದಲಾಯಿಸ್ಬಹುದು, ಆ ಮಾಡೆಲ್‌ದೇ ಸಿಗುತ್ತಾ ಕೇಳ್ಕೊಳ್ಳಿ. ಪೇಂಟ್ ಬಿರುಕು ಬಿಟ್ಟಿರೋ ವೆಲ್ಡಿಂಗ್ ಜಾಗ, ಟ್ಯೂಬಿನ ಮೇಲೆ ತಗ್ಗು, ಇಂಥದ್ದು ಕಂಡ್ರೆ ಮಾತಾಡ್ದೆ ಎದ್ದು ಬನ್ನಿ. ಟೆಸ್ಟ್ ರೈಡ್ ಬೈಕಾದ್ರೆ ಚೈನ್ ಸವೆದಿದೆಯಾ ಅಂತ ಗೇಜ್ ಹಾಕಿಸಿ.

ಆನ್‌ಲೈನ್ ಬೈಕು ಡಬ್ಬದಲ್ಲಿ ಅರ್ಧ ಜೋಡಿಸಿ ಬರುತ್ತೆ, ಮನೇಲಿ ಜೋಡಿಸೋರು ಫೋರ್ಕನ್ನ ಹಿಂದುಮುಂದಾಗಿ ಹಾಕೋದುಂಟು. ರಿಮ್ ಬ್ರೇಕ್ ಬೈಕಿನ ಮುಂದಿನ ಬ್ರೇಕು ಫೋರ್ಕಿನ ಹಿಂದೆ, ಫ್ರೇಮ್ ಕಡೆ ಮುಖ ಮಾಡಿದ್ರೆ ಅದೇ ಕಥೆ, ಓಡಿಸ್ಲೇಬೇಡಿ. ಮೆಕ್ಯಾನಿಕ್ ಕೈಲಿ ಜೋಡಿಸೋ ಖರ್ಚನ್ನ ಬೆಲೆಗೆ ಈಗ್ಲೇ ಸೇರಿಸಿ.

ಈಗ ಕೂಡಿಸಿ

ಸೀಟು, ಸ್ಟೆಮ್ಮು, ಟಯರು, ಹ್ಯಾಂಡಲ್ ಟೇಪು, ಪೆಡಲ್ಲು, ಕ್ಯಾಸೆಟ್ಟು, ಇವಿಷ್ಟು ಬದಲಾಯಿಸ್ಬೇಕಾಗಿ ಬಂದ್ರೆ ಬೈಕ್ ಇನ್ನೂ ಲೆಕ್ಕದಲ್ಲಿದೆ. ಫ್ರೇಮ್, ಫೋರ್ಕ್, ಶಿಫ್ಟರ್, ಚಕ್ರ ಇದರಲ್ಲಿ ಯಾವ್ದಾದ್ರೂ ಆಮೇಲೆ ಅಪ್‌ಗ್ರೇಡ್ ಮಾಡ್ಕೊಂಡ್ರಾಯ್ತು ಅನ್ಸಿದ್ರೆ ಬೇಡ. ಟೂರ್ನಿ ಬೈಕನ್ನ ಕ್ಲಾರಿಸ್ ಮಾಡೋಕೆ ಶಿಫ್ಟರು, ಡಿರೇಲರು, ಕ್ಯಾಸೆಟ್ಟು, ಚೈನು, ಜೊತೆಗೆ ಹಿಂದಿನ ಚಕ್ರ ಎಲ್ಲಾ ಬೇಕು, ಮೇಲೆ ಲೇಬರ್ರು. ಅಷ್ಟೊತ್ತಿಗೆ ಕ್ಲಾರಿಸ್ ಬೈಕೇ ಬರ್ತಿತ್ತು.

ಹೆಲ್ಮೆಟ್, ಲೈಟು, ಎರಡು ಟ್ಯೂಬು, ಪಂಪು ಕೂಡ ಲಿಸ್ಟಲ್ಲಿರ್ಲಿ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇರುತ್ತೆ, ಪೆಟ್ರೋಲ್ ಬಂಕ್‌ನ ಗಾಳಿ ಮೂತಿ ಅದಕ್ಕೆ ಕೂರಲ್ಲ, ಅಡಾಪ್ಟರ್ ಬೇಕು ಇಲ್ಲಾ ಮನೇಲೇ ಪ್ರೆಷರ್ ಮೀಟರ್ ಇರೋ ನೆಲದ ಪಂಪ್ ಬೇಕು. ಇಷ್ಟೂ ಕೂಡಿಸಿ ಬಂದ ಮೊತ್ತ ಈ ವರ್ಷದ ಅದೇ ಮಟ್ಟದ ಬೈಕಿಗೆ ಅದೇ ಸಾಮಾನು ಸೇರಿಸಿದಾಗ ಬರೋದಕ್ಕಿಂತ ಹತ್ತು ಪರ್ಸೆಂಟಾದ್ರೂ ಕಮ್ಮಿ ಇಲ್ಲದಿದ್ರೆ ನಾನಂತೂ ಹೊಸದೇ ತಗೊಳ್ಳಿ ಅಂತೀನಿ. ದಿನಾ ಆಫೀಸಿಗೆ ಐದಾರು ಕಿಮೀ ಹೋಗೋದಷ್ಟೇ ಕೆಲಸ ಅನ್ನೋರು ರೋಡ್ ಬೈಕ್ ಗೋಜಿಗೇ ಹೋಗ್ಬೇಡಿ, ಅದೇ ದುಡ್ಡಿಗೆ ಒಳ್ಳೆ ಹೈಬ್ರಿಡ್ ಬರುತ್ತೆ, ಬ್ಯಾಗ್ ಇಡೋಕೆ ಕ್ಯಾರಿಯರ್ರೂ ಹಾಕ್ಬಹುದು.

ದುಡ್ಡು ಕೊಡೋ ಮುಂಚೆ ಒಂದು ರೌಂಡ್ ಓಡಿಸಿ, ಎಲ್ಲಾ ಗೇರೂ ಹಾಕಿ ನೋಡಿ. ಇನ್ನಷ್ಟು ಬೆಲೆ ಇಳಿಸಲ್ಲ ಅಂದ್ರೆ ಮೊದಲ ಸರ್ವಿಸ್ ಮತ್ತೆ ಸ್ಟೆಮ್ ಬದಲಾವಣೆ ಫ್ರೀ ಕೇಳಿ, ಅದಕ್ಕೆ ಒಪ್ಪೋದು ಅವರಿಗೆ ಸುಲಭ. ಗೇರ್ ವೈರುಗಳು ಹೊಸದರಲ್ಲಿ ಸಡಿಲ ಆಗೋದ್ರಿಂದ ಆ ಸರ್ವಿಸ್ ಬೇಕೇ ಬೇಕು. ಬಿಲ್‌ನಲ್ಲಿ ಮಾಡೆಲ್ ಹೆಸರಿನ ಜೊತೆ ಫ್ರೇಮ್ ನಂಬರ್ ಬರೆಸ್ಕೊಳ್ಳಿ, ಬೈಕ್ ತಲೆಕೆಳಗು ಮಾಡಿದ್ರೆ ಸಾಮಾನ್ಯವಾಗಿ ಕ್ರ್ಯಾಂಕ್ ತಿರುಗೋ ಜಾಗದ ಕೆಳಗೆ ಒತ್ತಿರುತ್ತೆ. ಕ್ಲಿಯರೆನ್ಸ್ ಸೇಲ್ ವಸ್ತುವಿಗೆ ವಾರಂಟಿ ಇಲ್ಲ ಅಂತ ಬಿಲ್ ಮೂಲೆಯಲ್ಲಿ ಸೀಲ್ ಹೊಡೆದಿದ್ದಾರಾ ಅಂತ ಅಲ್ಲೇ ನಿಂತು ಓದಿ, ಹೊಡೆದಿದ್ರೆ ಕಾರ್ಡ್ ಜೇಬಿಂದ ತೆಗೀಬೇಡಿ.